ಕಿವಿ ಕೇಳಿಸದ ಅಕ್ಕನಿಗೆ ಪೊಮೇರಿಯನ್ ಮರಿ ಸಹಾಯ ಮಾಡಬಹುದಾ?

ಚಿಂತಾಮಣಿ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಚಿಂತಾಮಣಿ. ನನ್ನ ಅಕ್ಕನಿಗೆ ಚಿಕ್ಕಂದಿನಿಂದಲೂ ಕಿವಿ ಕೇಳಿಸುವುದಿಲ್ಲ. ಮನೆಯಲ್ಲೇ ಬ್ಲೌಸ್, ಚೂಡಿದಾರ್ ಹೊಲಿಯುತ್ತಾಳೆ, ಕೈ ತುಂಬ ಕೆಲಸ ಇದೆ. ನಾನು, ಅಮ್ಮ ಕೆಲಸಕ್ಕೆ ಹೋದಮೇಲೆ ಸಂಜೆವರೆಗೂ ಒಬ್ಬಳೇ. ಬಾಗಿಲಿಗೆ ಬೆನ್ನು ಹಾಕಿ ಮಿಷನ್ ಮುಂದೆ ಕೂತರೆ ಯಾರು ಬಂದರೂ ಗೊತ್ತಾಗುವುದಿಲ್ಲ, ಗಿರಾಕಿಗಳು ಬಾಗಿಲು ಬಡಿದು ಬಡಿದು ವಾಪಸ್ ಹೋಗುತ್ತಾರೆ. ಮೊನ್ನೆ ಕುಕ್ಕರ್ ಕೂಗಿದ್ದು ಗೊತ್ತಾಗದೆ ಬೇಳೆ ಪೂರ್ತಿ ಸೀದು, ವಾಸನೆ ಬಂದಮೇಲೆ ಎದ್ದು ಓಡಿದ್ದಾಳೆ. ನನಗೆ ಆಮೇಲಿಂದ ಭಯ ಜಾಸ್ತಿಯಾಗಿದೆ.

ಪಕ್ಕದ ಬೀದಿಯವರು ಪೊಮೇರಿಯನ್ ಮರಿ ಕೊಡುತ್ತೇವೆ ಅಂತಿದ್ದಾರೆ. ಅಕ್ಕನಿಗೂ ನಾಯಿ ಅಂದರೆ ಪ್ರಾಣ. ಸಹಾಯ ಮಾಡುವ ನಾಯಿಗಳ ವಿಡಿಯೊಗಳಲ್ಲಿ ನೋಡಿದ್ದೆಲ್ಲ ಲ್ಯಾಬ್ರಡಾರ್‌ಗಳೇ. ಐದಾರು ಕೆಜಿ ನಾಯಿ ನಿಜವಾಗಿ ಕೆಲಸಕ್ಕೆ ಬರುತ್ತದಾ, ಇಲ್ಲ ಸುಮ್ನೆ ಬೊಗಳಿಕೊಂಡು ಇರುತ್ತದಾ? ಬಾಡಿಗೆ ಮನೆ ಬೇರೆ. ಅನುಭವ ಇರುವವರು ಹೇಳಿ.

ಕ್ಯಾತ್ಸಂದ್ರ ತಾಯಿಮನೆ:
ಖಂಡಿತ ಬರುತ್ತದೆ ತಮ್ಮ. ಲ್ಯಾಬ್ರಡಾರ್ ಬೇಕಾಗುವುದು ಕಣ್ಣು ಕಾಣದವರಿಗೆ ದಾರಿ ತೋರಿಸುವ ಕೆಲಸಕ್ಕೆ, ಅಲ್ಲಿ ಎತ್ತರ, ಬಲ ಎರಡೂ ಬೇಕು. ಕಿವಿಯ ಕೆಲಸಕ್ಕೆ ಗಾತ್ರದ ಹಂಗಿಲ್ಲ. ಇಂಗ್ಲೆಂಡಿನಲ್ಲಿ 1982ರಿಂದ ಇದನ್ನೇ ಮಾಡುತ್ತಿರುವ ಹಿಯರಿಂಗ್ ಡಾಗ್ಸ್ ಫಾರ್ ಡೆಫ್ ಪೀಪಲ್ ಅನ್ನುವ ಸಂಸ್ಥೆ ಕಾಕರ್ ಸ್ಪ್ಯಾನಿಯಲ್, ಮಿನಿಯೇಚರ್ ಪೂಡಲ್ ತರಹದ ನಾಯಿಗಳನ್ನೂ ತಯಾರು ಮಾಡುತ್ತದೆ. ಅಮೆರಿಕದ ಕಾನೂನಿನಲ್ಲೂ ಸಹಾಯಕ ನಾಯಿ ಇಂಥ ತಳಿಯೇ, ಇಷ್ಟೇ ದೊಡ್ಡದೇ ಇರಬೇಕು ಅಂತ ಇಲ್ಲ. ಕಲಿತ ಕೆಲಸ ಮಾಡಬೇಕು ಅಷ್ಟೇ.

ಆದರೆ ಒಂದು ವಿಷಯ ಮೊದಲೇ ತಲೆಯಲ್ಲಿಟ್ಟುಕೊಳ್ಳಿ. ಬೊಗಳುವುದು ನಿಮ್ಮ ಅಕ್ಕನಿಗೆ ಉಪಯೋಗಕ್ಕೆ ಬರುವುದಿಲ್ಲ, ಅವರಿಗೆ ಅದೂ ಕೇಳಿಸುವುದಿಲ್ಲ ಅಲ್ವಾ. ನಾಯಿ ಬಂದು ಮುಟ್ಟಬೇಕು. ನಮ್ಮ ಅಮ್ಮನಿಗೆ ವಯಸ್ಸಾದಮೇಲೆ ಕಿವಿ ಹೋಯಿತು, ಮನೆಯ ಚಿಕ್ಕ ನಾಯಿಗೆ ನಾವೇ ಕಲಿಸಿದೆವು. ಮೊದಲು ಸದ್ದುಗಿದ್ದು ಏನೂ ಇಲ್ಲ. ಅಮ್ಮ ಮಂಡಿ ತಟ್ಟಿ ತೋರಿಸುವುದು, ಅದು ಮುಂಗಾಲು ಮಂಡಿ ಮೇಲಿಟ್ಟ ತಕ್ಷಣ ಬೆಂದ ಮೊಟ್ಟೆಯ ಒಂದು ಚೂರು. ಅದು ಪಕ್ಕಾ ಆದಮೇಲೆ ನಾನು ಹೊರಗೆ ನಿಂತು ಬಾಗಿಲು ಬಡಿಯುತ್ತಿದ್ದೆ. ನಾಯಿ ಕಿವಿ ನಿಮಿರಿಸಿದ ಕೂಡಲೇ ಅಮ್ಮ ಮಂಡಿ ತಟ್ಟುತ್ತಿದ್ದರು. ಬರುಬರುತ್ತಾ ಅಮ್ಮ ತಟ್ಟದಿದ್ದರೂ ಸದ್ದಾದರೆ ತಾನೇ ಓಡಿಬಂದು ಮುಟ್ಟಲು ಶುರುಮಾಡಿತು. ಕೊನೆಗೆ ಅಮ್ಮ ಅಂಗೈ ಬಿಚ್ಚಿ "ಎಲ್ಲಿ?" ಅಂತ ಸನ್ನೆ ಮಾಡಿದರೆ ಬಾಗಿಲವರೆಗೂ ಕರೆದುಕೊಂಡು ಹೋಗುವುದು. ಆ ತುದಿಯಲ್ಲಿ ನಾನು ಇನ್ನೊಂದು ಚೂರು ಕೊಡುತ್ತಿದ್ದೆ.

ಒಂದು ಸದ್ದು ಗಟ್ಟಿಯಾದಮೇಲೇ ಇನ್ನೊಂದು. ಕುಕ್ಕರ್ ವಿಷಲ್‌ಗೆ ಮರಿಗಳು ಹೆದರುತ್ತವೆ, ಅದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಸಣ್ಣ ಸದ್ದಿನಿಂದ ಶುರುಮಾಡಿ. ಮುಖ್ಯವಾಗಿ, ಚೂರು ಕೊಡುವ ಕೈ ಅಕ್ಕನದೇ ಆಗಿರಲಿ. ನೀವೇ ಎಲ್ಲ ಕಲಿಸಿದರೆ ಅದು ನಿಮ್ಮ ನಾಯಿಯಾಗುತ್ತದೆ, ನೀವು ಮನೆಯಲ್ಲಿ ಇಲ್ಲದಾಗ ಯಾವ ಸದ್ದಿಗೂ ಕ್ಯಾರೇ ಅನ್ನುವುದಿಲ್ಲ.

ಶ್ರೀನಿವಾಸಪುರ ಮಾವು:
ನನಗೆ ಪೋಲಿಯೊ, ಒಂದು ಕಾಲಿಗೆ ಕ್ಯಾಲಿಪರ್ ಹಾಕುತ್ತೇನೆ. ನನ್ನ ಜೊತೆಗೂ ಒಂದು ಚಿಕ್ಕ ನಾಯಿ ಇದೆ. ಕೆಳಗೆ ಬಿದ್ದ ಬೀಗದ ಕೈ, ಕರ್ಚೀಫು ಎತ್ತಿ ಕೊಡುತ್ತದೆ, ನನಗೆ ಅದೇ ಎಷ್ಟೋ ದೊಡ್ಡದು, ಯಾಕೆಂದರೆ ಪ್ರತಿ ಸಲ ಬಗ್ಗಿ ಏಳುವುದರ ಕಷ್ಟ ನನಗೆ ಗೊತ್ತು. ಆದರೆ ಅದನ್ನು ಹಿಡಿದು ಏಳುವುದು, ಅದರ ಮೇಲೆ ಭಾರ ಹಾಕುವುದು ಯಾವತ್ತೂ ಮಾಡಬಾರದು. ಬೆನ್ನು ಮುರಿದು ಹೋಗುತ್ತದೆ. ಊರುಗೋಲು, ವಾಕರ್ ಬಳಸುವವರು ಇದನ್ನು ಓದುತ್ತಿದ್ದರೆ ನಾಯಿಯ ಕೊರಳಿಗೆ ಒಂದು ಗೆಜ್ಜೆ ಕಟ್ಟಿ. ಚಿಕ್ಕ ನಾಯಿ ಕಾಲಿಗೆ ಸಿಕ್ಕಿ ಬೀಳುವುದು ಬಹಳ ಸುಲಭ.

ಸನ್ನೆ ಮಾತು:
ನಾನೂ ಕಿವುಡ. ಒಂದು ನೇರವಾದ ಮಾತು, ಬೇಜಾರು ಮಾಡಿಕೊಳ್ಳಬೇಡಿ. ಬಲ್ಬ್ ಮಿನುಗುವ ಕಾಲಿಂಗ್ ಬೆಲ್ ಹಾಕಿಸಿದ್ದೀರಾ? ಎಲೆಕ್ಟ್ರಿಷಿಯನ್ ಒಂದು ಮಧ್ಯಾಹ್ನದಲ್ಲಿ ಮಾಡಿಕೊಡುತ್ತಾನೆ. ಮಿಷನ್ ತಿರುಗಿಸಿ ಬಾಗಿಲು ಕಾಣುವ ಹಾಗೆ ಹಾಕಿ. ಇವತ್ತಿನ ಭಯಕ್ಕೆ ಇವತ್ತೇ ಆಗುವ ಕೆಲಸ ಇವು. ಮರಿ ಬೆಳೆದು ನಂಬುವ ಹಾಗೆ ಆಗಲು ವರ್ಷದ ಮೇಲೇ ಬೇಕು. ಅಲ್ಲಿವರೆಗೂ ಕುಕ್ಕರ್ ಕೂಗುತ್ತಲೇ ಇರುತ್ತದೆ.

ಹಾಗಂತ ನಾಯಿ ಬೇಡ ಅಂತ ಅಲ್ಲ. ಕರೆಂಟ್ ಹೋದರೆ ಬಲ್ಬ್ ಸತ್ತಹಾಗೆ, ನಮ್ಮ ಕಡೆ ಕರೆಂಟ್ ವಿಷಯ ಗೊತ್ತಲ್ಲ. ಹಿತ್ತಲಿನಲ್ಲಿ ಬಟ್ಟೆ ಒಗೆಯುವಾಗ ಬಲ್ಬ್ ಕಾಣುವುದಿಲ್ಲ, ನಾಯಿ ಹಿತ್ತಲಿಗೂ ಬರುತ್ತದೆ. ಇನ್ನೊಂದು, ಇದು ಕಿವಿ ಕೇಳುವವರಿಗೆ ಅಷ್ಟಾಗಿ ಹೊಳೆಯುವುದಿಲ್ಲ: ಮನೆಯಲ್ಲಿ ಎಲ್ಲರೂ ಬಾಯಲ್ಲಿ ಮಾತಾಡುವಾಗ ನಾವು ಮುಖ ನೋಡಿಕೊಂಡು ಕೂತಿರುತ್ತೇವೆ. ನಾಯಿಗೆ ನಮ್ಮ ಕೈಸನ್ನೆ ಪೂರ್ತಿ ಅರ್ಥವಾಗುತ್ತದೆ. ಅದರ ಜೊತೆ ಇರುವಾಗ ಯಾವ ಮಾತೂ ತಪ್ಪಿಹೋಗುತ್ತಿಲ್ಲ ಅನ್ನಿಸುತ್ತದೆ. ಅಕ್ಕನನ್ನೇ ಕೇಳಿ, ಅವರಿಗೆ ಯಾವ ಸದ್ದು ಮೊದಲು ಬೇಕು ಅಂತ.

ಪಶು ಆಸ್ಪತ್ರೆ ಕೆಲಸ:
ಟೈಲರಿಂಗ್ ಮನೆ ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ಸೂಜಿ, ದಾರ ನೆಲದ ಮೇಲೆ ಬಿಡಲೇಬೇಡಿ. ಮರಿ ದಾರ ನುಂಗಿದರೆ ಕರುಳು ನೆರಿಗೆ ಬಿದ್ದ ಹಾಗೆ ಮುದುಡಿಕೊಂಡು ತೂತು ಬೀಳಬಹುದು, ಆಪರೇಷನ್‌ವರೆಗೂ ಹೋಗುತ್ತದೆ. ಬಾಯಲ್ಲೋ ಹಿಂದುಗಡೆಯೋ ದಾರದ ತುದಿ ಕಂಡರೂ ಎಳೆಯಬೇಡಿ, ಹಾಗೇ ಕರೆದುಕೊಂಡು ಬನ್ನಿ. ನಿಮ್ಮದು ದ್ರಾಕ್ಷಿ ಬೆಳೆಯುವ ಜಿಲ್ಲೆ, ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ. ಈರುಳ್ಳಿ ಹಾಕಿದ ಸಾರೂ ಬೇಡ. ಮುದ್ದೆ, ಮೊಸರು, ಮೊಟ್ಟೆ ಕೊಡಬಹುದು. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ಪ್ರತಿ ವರ್ಷ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆ ಸಮಯದಲ್ಲಿ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುವ ಕಾರ್ಯಕ್ರಮ ಇರುತ್ತದೆ, ವಿಚಾರಿಸಿ.

ಮರಿ ಆರಿಸುವಾಗ ನೆಲದ ಮೇಲೆ ಒಂದು ಸ್ಟೀಲ್ ತಟ್ಟೆ ಬೀಳಿಸಿ ನೋಡಿ. ಬೆಚ್ಚಿದರೂ ಆಮೇಲೆ ಏನದು ಅಂತ ಮೂಸಲು ಬರುವ ಮರಿ ನಿಮಗೆ ಬೇಕಾದದ್ದು. ಮೂಲೆ ಸೇರಿ ಹೊರಗೇ ಬಾರದ ಮರಿಗೆ ಈ ಕೆಲಸ ಹಿಂಸೆ.

ಚಿಂತಾಮಣಿ ಹುಡುಗ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಅಕ್ಕನಿಗೂ ಎಲ್ಲ ಓದಿಸಿದೆ. ಅವಳಿಗೆ ಮೊದಲು ಬೇಕಾದ ಸದ್ದು ಬಾಗಿಲಂತೆ, ಕುಕ್ಕರ್ ಅಲ್ಲ. ನಾನು ಅದನ್ನು ಯೋಚನೆ ಮಾಡಿರಲೇ ಇಲ್ಲ. ಬಲ್ಬ್ ಬೆಲ್‌ಗೆ ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೇನೆ. ಮನೆ ಓನರ್ ಹತ್ತಿರ ಅಮ್ಮನೇ ಮಾತಾಡುತ್ತಾರಂತೆ. ಅವರು ಒಪ್ಪಿದಮೇಲೇ ಮರಿ ನೋಡಲು ಹೋಗುತ್ತೇವೆ, ಸ್ಟೀಲ್ ತಟ್ಟೆ ತೆಗೆದುಕೊಂಡೇ ಹೋಗುತ್ತೇವೆ. ಗಂಡು ಒಳ್ಳೆಯದಾ ಹೆಣ್ಣಾ?

ಪಶು ಆಸ್ಪತ್ರೆ ಕೆಲಸ:
ಈ ಕೆಲಸಕ್ಕೆ ಯಾವುದಾದರೂ ಸರಿ. ಸಂತಾನಹರಣ ಮಾತ್ರ ಯಾವಾಗ ಮಾಡಿಸಬೇಕು ಅಂತ ಲಸಿಕೆಗೆ ಬಂದಾಗಲೇ ಡಾಕ್ಟರನ್ನು ಕೇಳಿಕೊಳ್ಳಿ.