ಮೈಎಸ್‌ಕ್ಯೂಎಲ್‌ನಿಂದ ಪೋಸ್ಟ್‌ಗ್ರೆಸ್‌ಗೆ: ಕನ್ನಡ, ಮಲಯಾಳ ಹೆಸರುಗಳು ಕೆಡದೆ ಬರಬೇಕಾದರೆ?

ಬದಿಯಡ್ಕ_ಲೆಕ್ಕ:
ಇಲ್ಲಿನ ಅಡಿಕೆ ಖರೀದಿ ಸಂಘವೊಂದರ ಸಾಫ್ಟ್‌ವೇರು ಮೈಎಸ್‌ಕ್ಯೂಎಲ್ 5.7 ಡೇಟಾಬೇಸಿನಲ್ಲಿ ಉಂಟು. 2023ರ ಅಕ್ಟೋಬರಿಗೇ ಅದರ ಬೆಂಬಲ ಮುಗಿದಿದೆ, ಪೋಸ್ಟ್‌ಗ್ರೆಸ್ 16 ಎಂಬ ಇನ್ನೊಂದು ಡೇಟಾಬೇಸಿಗೆ ಹೋಗಬೇಕು. 42 ಟೇಬಲ್, ಸುಮಾರು 11 ಲಕ್ಷ ಸಾಲು. ಸದಸ್ಯರ ಹೆಸರು ಕೆಲವು ಕನ್ನಡದಲ್ಲಿ, ಕೆಲವು ಮಲಯಾಳದಲ್ಲಿ, ಎಲ್ಲ ಒಂದೇ ಕಾಲಮ್ಮಿನಲ್ಲಿ. ಪಿಜಿಲೋಡರ್ ಎಂಬ ಡೇಟಾ ಸಾಗಿಸುವ ಟೂಲಿನಲ್ಲಿ ಸಾಗಿಸಿ ನೋಡಿದರೆ ಹಳೆಯ ಹೆಸರುಗಳೆಲ್ಲ ಗೀಟು, ಚುಕ್ಕೆ ಹೊತ್ತ ಲ್ಯಾಟಿನ್ ಅಕ್ಷರಗಳಾಗಿ ಬರ್ತವೆ. ಹಳೆ ಪ್ರೋಗ್ರಾಮಿನಲ್ಲಿ ಸರಿಯಾಗಿಯೇ ಕಾಣ್ತವೆ.

ಕುಂಬಳೆ_ಡಿಬಿ:
ಟೇಬಲ್ಲಿನ ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಬೈಟಾಗಿ ಬರೆಯುವ ಕ್ರಮ) ಪಶ್ಚಿಮ ಯುರೋಪಿನ ಭಾಷೆಗಳ ಲ್ಯಾಟಿನ್1, ಒಳಗೆ ತುಂಬಿರುವುದು ಎಲ್ಲ ಲಿಪಿಗಳಿಗೂ ಆಗುವ ಯುಟಿಎಫ್-8 ಬೈಟು. ಹಳೆ ಪ್ರೋಗ್ರಾಮಿನ ಕನೆಕ್ಷನ್ನೂ ಲ್ಯಾಟಿನ್1 ಆಗಿರುವುದರಿಂದ ಬೈಟುಗಳು ಹೋದ ಹಾಗೆಯೇ ವಾಪಸು ಬರ್ತವೆ, ತಪ್ಪು ಕಾಣುವುದಿಲ್ಲ. ಆ ಕಾಲಮ್ಮಿಗೆ ಒಳಗಿನ ಬೈಟುಗಳನ್ನೇ ತೋರಿಸುವ ಹೆಕ್ಸ್ ಫಂಕ್ಷನ್ ಹಾಕಿ ನೋಡಿ. ಕನ್ನಡದ ಹೆಸರು ಇ0 ಬಿ2 ಎಂದು, ಮಲಯಾಳದ್ದು ಇ0 ಬಿ4 ಎಂದು ಶುರುವಾದರೆ ಡೇಟಾ ಗಟ್ಟಿ ಉಂಟು. ಬರೀ 3ಎಫ್ ಸಾಲಾಗಿ ಬಂದರೆ ಅಕ್ಷರಗಳು ಆಗಲೇ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋಗಿವೆ, ಅರ್ಜಿ ಫಾರಂ ನೋಡಿ ಮತ್ತೆ ಟೈಪು ಮಾಡಬೇಕಷ್ಟೆ.

ಗಟ್ಟಿ ಇದ್ದರೆ ಡೇಟಾಬೇಸಿನ ಒಂದು ನಕಲಿನ ಮೇಲೆ ಕೆಲಸ ಮಾಡಿ: ಕಾಲಮ್ಮನ್ನು ಮೊದಲು ವಾರ್‌ಬೈನರಿ (ಬರೀ ಬೈಟು) ಮಾಡಿ, ಆಮೇಲೆ ಯುಟಿಎಫ್8ಎಂಬಿ4 (ಮೈಎಸ್‌ಕ್ಯೂಎಲ್‌ನ ಪೂರ್ಣ ಯುಟಿಎಫ್-8) ವಾರ್‌ಚಾರ್, ಅಂದರೆ ಪಠ್ಯ. ನೇರವಾಗಿ ಕನ್ವರ್ಟ್ ಕೊಟ್ಟರೆ ಎರಡು ಸಲ ಎನ್‌ಕೋಡ್ ಆಗಿ ಇನ್ನಷ್ಟು ಕೆಡ್ತದೆ.

ಉಪ್ಪಳ_ಕೋಡ್:
ಅದಾದ ಮೇಲೂ ಮಲಯಾಳದ ಹೆಸರು ಹುಡುಕಿದರೆ ಸಿಗದೆ ಹೋಗಬಹುದು. ರಾಜನ್, ಬಾಲನ್ ಎಂಬಲ್ಲಿ ಕೊನೆಯ ಚಿಲ್ಲಕ್ಷರವನ್ನು (ಸ್ವರವಿಲ್ಲದ ವ್ಯಂಜನದ ಮಲಯಾಳ ರೂಪ) ಹಿಂದೆ ನ, ಚಂದ್ರಕ್ಕಲ (ಹಲಂತ ಚಿಹ್ನೆ), ಝಡ್‌ಡಬ್ಲ್ಯುಜೆ (ಕಣ್ಣಿಗೆ ಕಾಣದ ಜೋಡಣೆ ಸಂಕೇತ) ಸೇರಿಸಿ ಬರೆಯುತ್ತಿದ್ದರು. 2008ರ ಯುನಿಕೋಡ್ 5.1ರಲ್ಲಿ ಅದಕ್ಕೆ ಪ್ರತ್ಯೇಕ ಸಂಕೇತ ಬಂತು. ಕಣ್ಣಿಗೆ ಒಂದೇ, ಡೇಟಾಬೇಸಿಗೆ ಎರಡು ಹೆಸರು. ಯುನಿಕೋಡ್ ಪಠ್ಯವನ್ನು ಒಂದೇ ರೂಪಕ್ಕೆ ತರುವ ಎನ್‌ಎಫ್‌ಸಿ ಕ್ರಮವೂ ಇವೆರಡನ್ನು ಒಂದು ಮಾಡುವುದಿಲ್ಲ. ಣ, ನ, ರ, ಲ, ಳ ಐದಕ್ಕೂ ರಿಪ್ಲೇಸ್ ಬರೆಯಿರಿ. ಝಡ್‌ಡಬ್ಲ್ಯುಜೆ ಎಲ್ಲವನ್ನೂ ಒಟ್ಟಿಗೆ ಅಳಿಸಬೇಡಿ, ಕನ್ನಡದ ‘ರ‍್ಯಾಂಕ್’ ಅದರ ಮೇಲೆಯೇ ನಿಂತಿದೆ.

ಕುಂಬಳೆ_ಡಿಬಿ:
ಒಳ್ಳೆಯ ಮಾತು. ದಿನಾಂಕವನ್ನೂ ನೋಡಿ. ಪಾವತಿಯಾಗದ ಚೀಟಿಗಳ ಸೊನ್ನೆ ದಿನಾಂಕವನ್ನು (0000-00-00) ಪಿಜಿಲೋಡರ್ ನಲ್, ಅಂದರೆ ಖಾಲಿ, ಮಾಡ್ತದೆ. ‘ಮಾರ್ಚ್ 31ಕ್ಕಿಂತ ಮೊದಲು’ ಎಂಬ ಕ್ವೆರಿಯಲ್ಲಿ ಮೊದಲು ಲೆಕ್ಕಕ್ಕೆ ಸಿಗುತ್ತಿದ್ದ ಆ ಚೀಟಿಗಳು ಈಗ ಎರರ್ ಇಲ್ಲದೆ ಬಿಟ್ಟುಹೋಗ್ತವೆ. ಗ್ರೇಡ್ ಕೋಡಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಈಗ ಬೇರೆ ಬೇರೆ. ಪಟೋರ ಎಂಬ ಅಡಿಕೆ ಗ್ರೇಡ್ ವರದಿಯಲ್ಲಿ ಎರಡು ಸಾಲಾಗಿ ಬಂದರೆ ಕಾರಣ ಅದೇ.

ತೂಕ ಫ್ಲೋಟ್‌ನಲ್ಲಿ (ಅಂದಾಜು ದಶಾಂಶ) ಇದ್ದರೆ ನ್ಯೂಮರಿಕ್ 12,3 (ಒಟ್ಟು 12 ಅಂಕಿ, ಅದರಲ್ಲಿ 3 ದಶಾಂಶ) ಮಾಡಿ. ಪ್ರತಿ ಸಾಲನ್ನು 3 ದಶಾಂಶಕ್ಕೆ ತಂದು, ಗ್ರೇಡುವಾರು, ತಿಂಗಳುವಾರು ಕಿಲೋ ಮೊತ್ತವನ್ನು ಎರಡೂ ಕಡೆ ತಾಳೆ ನೋಡಿ. ಸಾಲುಗಳ ಎಣಿಕೆ ಮಾತ್ರ ಸರಿಯಾದರೆ ಸಾಲದು.