ಪರ್ಲ್ (ಪ್ರೋಗ್ರಾಮಿಂಗ್ ಭಾಷೆ): ಫೈಲ್ ಓದ್ತಾ ಐದು ಸಾಲು ಹಿಂದಕ್ಕೆ ಹೋಗೋದು ಹೇಗೆ?

ಪ್ರಶ್ನೆ (ಹಿಂಜೇವಾಡಿ, ಪುಣೆ)
3 ಜಿಬಿ ಲಾಗ್ ಫೈಲನ್ನು ವೈಲ್ ಲೂಪಿನಲ್ಲಿ ಸಾಲುಸಾಲಾಗಿ ಓದ್ತಿದೀನಿ. ‘ಎರರ್’ ಸಿಕ್ಕಾಗ ಅದರ ಹಿಂದಿನ ಐದು ಸಾಲೂ ಬೇಕು. ಸಾಲುಗಳ ಲೆಂತ್ (ಉದ್ದ) ಕಳೆದು ಸೀಕ್ ಮಾಡಿದ್ರೆ, ಅಂದ್ರೆ ಫೈಲಿನಲ್ಲಿ ಆ ಜಾಗಕ್ಕೆ ಹಾರಿದ್ರೆ, ಯಾವುದೋ ಸಾಲಿನ ನಡುವೆ ಹೋಗಿ ಬೀಳುತ್ತೆ. ಲಾಗಿನಲ್ಲಿ ಊರಿನ ಹೆಸರುಗಳು ಮರಾಠಿಯಲ್ಲಿವೆ, ಯುಟಿಎಫ್-8. ಇಡೀ ಫೈಲನ್ನು ಅರೇಗೆ ತುಂಬೋಕೆ ಮೆಮೊರಿ ಸಾಲಲ್ಲ.

ಉತ್ತರ (ಡೊಂಬಿವಲಿ)
ಮರಾಠಿ ಅಂದ್ರಲ್ಲ, ಎಡವಟ್ಟು ಅಲ್ಲೇ ಉಂಟು ಮಾರಾಯ್ರೆ. ಫೈಲಿನಲ್ಲಿ ಈಗ ಎಲ್ಲಿದ್ದೇವೆ ಎಂದು ಹೇಳುವ ಟೆಲ್, ಜತೆಗೆ ಸೀಕ್, ಎರಡೂ ಎಣಿಸುವುದು ಬೈಟ್. ಯುಟಿಎಫ್-8 ಲೇಯರ್ ಹಾಕಿ ತೆರೆದಿದ್ದರೆ ಲೆಂತ್ ಎಣಿಸುವುದು ಕೋಡ್‌ಪಾಯಿಂಟ್, ಅಂದರೆ ಅಕ್ಷರಕ್ಕೊಂದು, ಅದರ ಸ್ವರಚಿಹ್ನೆಗೊಂದು. ದೇವನಾಗರಿಯ ‘ಪುಣೆ’ ಲೆಂತಿಗೆ 4, ಡಿಸ್ಕಿನಲ್ಲಿ 12 ಬೈಟ್.

ಕಳೆಯುವ ಲೆಕ್ಕವೇ ಬೇಡ. ಲೂಪಿಗೆ ಮುಂಚೆ ಒಮ್ಮೆ ಟೆಲ್ ಕರೆದು ಬಂದ ಸಂಖ್ಯೆಯನ್ನು ಒಂದು ಅರೇಗೆ ಪುಶ್ ಮಾಡಿ. ಆಮೇಲೆ ಪ್ರತಿ ಸಾಲು ಮುಗಿದ ಮೇಲೆ ಇನ್ನೊಮ್ಮೆ. ಆರು ದಾಟಿದರೆ ಒಂದು ಶಿಫ್ಟ್, ಅರೇಯ ಮೊದಲನೆಯದು ಹೊರಗೆ. ಎರರ್ ಸಿಕ್ಕಾಗ ಅರೇಯ ಮೊದಲ ಸಂಖ್ಯೆಗೆ ಸೀಕ್, ಮೂರನೇ ಆರ್ಗ್ಯುಮೆಂಟ್ 0 (ಫೈಲಿನ ಮೊದಲಿಂದ ಎಣಿಸು ಅಂತ). ಪ್ರತಿ ಸಾಲಿನ ಟೆಲ್ ಅನ್ನು ಕಂಟಿನ್ಯೂ ಬ್ಲಾಕಿನಲ್ಲಿಡಿ, ಅದು ಪ್ರತಿ ಸುತ್ತು ಮುಗಿದಾಗಲೂ ಓಡುತ್ತದೆ. ಲೂಪಿನ ಕೊನೆಗೆ ಬರೆದರೆ ನಡುವೆ ಒಂದು ನೆಕ್ಸ್ಟ್ (ಮುಂದಿನ ಸುತ್ತಿಗೆ ಹಾರುವ ಆದೇಶ) ಬಂದಾಗ ಅದು ಓಡುವುದೇ ಇಲ್ಲ, ಒಂದು ಸಾಲಿನ ಲೆಕ್ಕ ತಪ್ಪುತ್ತದೆ.

ಉತ್ತರ (ಮಡಗಾಂವ್)
ಮೇಲಿನದು ಸರಿ. ಆದರೆ ಹಿಂದಕ್ಕೆ ಹೋದಮೇಲೆ ಅದೇ ಎರರ್ ಸಾಲು ಮತ್ತೆ ಎದುರಾಗುತ್ತೆ, ಮತ್ತೆ ಹಿಂದಕ್ಕೆ, ಲೂಪ್ ಮುಗಿಯೋದೇ ಇಲ್ಲ. ಹಿಂದಕ್ಕೆ ಹೋಗುವ ಮುಂಚೆ ಈಗಿನ ಟೆಲ್ ಎತ್ತಿಟ್ಟುಕೊಂಡು, ಐದು ಸಾಲು ಓದಿ, ಅಲ್ಲಿಗೇ ವಾಪಸ್ ಸೀಕ್ ಮಾಡಿ. ಸಾಲಿನ ನಂಬರಿಗೆ ಡಾಲರ್-ಚುಕ್ಕೆ ($.) ನಂಬಿದ್ದರೆ ಅದನ್ನೂ ಉಳಿಸಿಟ್ಟು ಮರಳಿ ಹಾಕಿ. ಸೀಕ್ ಅದನ್ನು ಮುಟ್ಟಲ್ಲ, ಓದಿದ ಹಾಗೆಲ್ಲ ಏರ್ತಾನೇ ಹೋಗುತ್ತೆ.

ಪ್ರಶ್ನೆ ಕೇಳಿದವರು
ಹಳೇ ಲಾಗುಗಳು ಜಿಜಿಪ್ ಆಗಿವೆ (ಕುಗ್ಗಿಸಿಟ್ಟಿವೆ). ಅದನ್ನು ಬಿಡಿಸಿ ಕೊಡೋ ಜಡ್‌ಕ್ಯಾಟ್ ಕಮಾಂಡಿನ ಪೈಪಿನಿಂದ ಓದಿದರೂ ಇದು ನಡೆಯುತ್ತಾ?

ಉತ್ತರ (ಕೋಥರೂಡ್, ಪುಣೆ)
ಇಲ್ಲರೀ. ಪೈಪಿನಾಗ ಟೆಲ್ ಕರೆದ್ರ -1 ಬರ್ತದ, ಸೀಕ್ ಫೇಲ್ ಆಗ್ತದ. ಬರೇ ಐದು ಸಾಲಿಗೆ ಸೀಕ್ ಯಾಕ ಬೇಕು? ಸಂಖ್ಯೆ ಬದಲು ಸಾಲನ್ನೇ ಅರೇಗೆ ಪುಶ್ ಮಾಡ್ರಿ, ಐದು ದಾಟಿದ್ರ ಶಿಫ್ಟ್. ಎರರ್ ಬಂದ ಕೂಡಲೇ ಅರೇ ಪ್ರಿಂಟ್ ಮಾಡ್ರಿ, ಆಮೇಲೆ ಆ ಸಾಲನ್ನ ಪುಶ್ ಮಾಡ್ರಿ. ಫೈಲಿಗೂ ಪೈಪಿಗೂ ಅದೇ ಕೋಡ್ ನಡೀತದ.

ಎಷ್ಟು ಹಿಂದಕ್ಕ ಹೋಗಬೇಕು ಅನ್ನೋದು ಮೊದಲೇ ಗೊತ್ತಿಲ್ಲಂದ್ರ ಮಾತ್ರ ಟೈ-ಫೈಲ್ ಮಾಡ್ಯೂಲ್ ನೋಡ್ರಿ, ಪರ್ಲ್ ಜೋಡಿನೇ ಬರ್ತದ, ಫೈಲನ್ನೇ ಒಂದು ಅರೇ ಹಾಂಗ ತೋರಿಸ್ತದ. ಸಾಲುಗಳು 0ಯಿಂದ ಶುರು. ರೀಡ್-ಓನ್ಲಿ ಮೋಡ್ ಕೊಡೋದು ಮರೀಬ್ಯಾಡ್ರಿ, ಅರೇಯೊಳಗ ಏನರ ಬರೆದ್ರ ಲಾಗ್ ಫೈಲೇ ಬದಲಾಗ್ತದ.