ಥೇಮ್ಸ್ ಸುರಂಗ: ಕುದುರೆಗಾಡಿಗಳಿಗೆಂದು ಕೊರೆದದ್ದು ರೈಲಿನ ಪಾಲಾದದ್ದು ಹೇಗೆ?

ಪ್ರಶ್ನೆ:
ಲಂಡನ್ನಿನ ವ್ಯಾಪಿಂಗ್ ಮತ್ತು ರಾದರ್‌ಹೈದ್ ನಿಲ್ದಾಣಗಳ ನಡುವೆ ಥೇಮ್ಸ್ ನದಿಯ ಅಡಿಯಲ್ಲಿ ರೈಲು ಹಾದುಹೋಗುವ ಸುರಂಗವು 1843ರಲ್ಲಿಯೇ ತೆರೆದಿತ್ತಂತೆ. ಆ ನಗರದ ಮೊದಲ ಭೂಗತ ರೈಲು ಓಡಿದ್ದು 1863ರಲ್ಲಿ. ಹಾಗಾದರೆ ಇದನ್ನು ಕಟ್ಟಿದ್ದು ಯಾವುದಕ್ಕಾಗಿ? ನದಿಯ ಕೆಸರು ಕುಸಿಯದಂತೆ ಅಗೆದದ್ದಾದರೂ ಹೇಗೆ? ಬಲ್ಲವರು ದಯವಿಟ್ಟು ವಿವರಿಸಿ.

ಉತ್ತರ 1:
ಮಾನ್ಯರೇ, ಅದನ್ನು ಯೋಜಿಸಿದ್ದು ಸರಕು ಸಾಗಿಸುವ ಕುದುರೆಗಾಡಿಗಳಿಗಾಗಿ. ಎತ್ತರದ ಪಟಸ್ತಂಭಗಳ ಹಡಗುಗಳು ಓಡಾಡುತ್ತಿದ್ದ ಆ ಭಾಗದಲ್ಲಿ ಸೇತುವೆ ಕಟ್ಟುವುದು ಕಷ್ಟವಾಗಿತ್ತು. 1825ರಲ್ಲಿ ಕೆಲಸ ಆರಂಭಿಸಿದ ಮಾರ್ಕ್ ಬ್ರೂನೆಲ್, ಕಬ್ಬಿಣದ 12 ಚೌಕಟ್ಟುಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ, ಒಂದೊಂದರಲ್ಲೂ ಮೂರು ಅಂತಸ್ತಿನ ಗೂಡುಗಳನ್ನು ಮಾಡಿ, 36 ಮಂದಿ ಏಕಕಾಲಕ್ಕೆ ಅಗೆಯಬಲ್ಲ ‘ಶೀಲ್ಡ್’ ಒಂದನ್ನು ರೂಪಿಸಿದರು. ಅಗೆಯುವವನು ತನ್ನೆದುರಿನ ಹಲಗೆಗಳಲ್ಲಿ ಒಂದನ್ನಷ್ಟೇ ತೆಗೆದು, ಅಲ್ಲಿಯ ಮಣ್ಣನ್ನು ಕೆಲವೇ ಅಂಗುಲ ಕೆರೆದು, ಹಲಗೆಯನ್ನು ಮುಂದಕ್ಕೆ ಕೂರಿಸಿ ತಿರುಪಿನಿಂದ ಬಿಗಿದ ಮೇಲೆಯೇ ಮುಂದಿನ ಹಲಗೆಗೆ ಕೈಹಾಕುತ್ತಿದ್ದನು. ಚೌಕಟ್ಟು ಮುಂದೆ ಸರಿದಂತೆಲ್ಲ ಹಿಂದಿನಿಂದ ಗಾರೆಯವರು ಇಟ್ಟಿಗೆ ಕಟ್ಟುತ್ತ ಬರುತ್ತಿದ್ದರು. ಇಂದಿನ ಸುರಂಗ ಕೊರೆಯುವ ಯಂತ್ರಗಳ ಮೂಲ ಇಲ್ಲಿದೆ.

ಉತ್ತರ 2:
ಇಷ್ಟಾದರೂ ನದಿ ಒಳನುಗ್ಗದೆ ಬಿಡಲಿಲ್ಲ ಎಂಬುದನ್ನು ಸೇರಿಸಬೇಕು. 1827ರ ಮೇ ತಿಂಗಳಿನಲ್ಲಿ ಒಮ್ಮೆ ನೀರು ನುಗ್ಗಿತು. 1828ರ ಜನವರಿಯಲ್ಲಿ ಮತ್ತೆ ನುಗ್ಗಿದಾಗ ಆರು ಮಂದಿ ಸತ್ತರು, ಬ್ರೂನೆಲ್ಲರ ಮಗ ಇಸಂಬಾರ್ಡ್ ಕೂದಲೆಳೆಯ ಅಂತರದಲ್ಲಿ ಪಾರಾದರು. ಹಣವೂ ಬರಿದಾಗಿ ಕೆಲಸ ಸುಮಾರು ಏಳು ವರ್ಷ ನಿಂತಿತು. ನಗರದ ಕೊಳಚೆಯೆಲ್ಲ ಸೇರುತ್ತಿದ್ದ ನದಿಯಿಂದ ಜಿನುಗಿದ ನೀರಿನಲ್ಲಿ, ಆಗಾಗ ಹೊತ್ತಿಕೊಳ್ಳುತ್ತಿದ್ದ ವಿಷಾನಿಲದ ನಡುವೆ ಅಗೆದ ಕಾರ್ಮಿಕರನ್ನು ಬಿಟ್ಟು ಬ್ರೂನೆಲ್ಲರನ್ನಷ್ಟೇ ಕೊಂಡಾಡುವುದು ನ್ಯಾಯವಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

ಉತ್ತರ 3:
ರೈಲಿನ ವಿಷಯಕ್ಕೆ ಬರುತ್ತೇನೆ. ಗಾಡಿಗಳು ಇಳಿಯಲು ಬೇಕಾದ ಇಳಿಜಾರು ದಾರಿಗಳಿಗೆ ಹಣ ಒದಗದ ಕಾರಣ, 1843ರ ಮಾರ್ಚ್ 25ರಂದು ಸುರಂಗವು ಪಾದಚಾರಿಗಳಿಗಷ್ಟೇ ತೆರೆಯಿತು. ತಲೆಗೊಂದು ಪೆನ್ನಿ ಕೊಟ್ಟು ಲಕ್ಷಾಂತರ ಜನ ನೋಡಲು ಬಂದರೂ, ಹೂಡಿದ ಹಣ ಹುಟ್ಟಲಿಲ್ಲ. ಆದರೆ ಗಾಡಿಗಳಿಗೆಂದು ಎತ್ತರವಾಗಿ ಕಟ್ಟಿದ್ದ ಜೋಡಿ ಕಮಾನುಗಳು ಜೋಡಿ ಹಳಿಗಳಿಗೆ ಸರಿಹೊಂದುವಂತಿದ್ದವು. 1865ರಲ್ಲಿ ಈಸ್ಟ್ ಲಂಡನ್ ರೈಲ್ವೆ ಕಂಪನಿ ಅದನ್ನು ಕೊಂಡಿತು, 1869ರ ಡಿಸೆಂಬರಿನಲ್ಲಿ ಉಗಿಬಂಡಿ ಓಡಿತು, 1913ರಲ್ಲಿ ವಿದ್ಯುತ್ ಬಂದಿತು. 1990ರ ದಶಕದ ದುರಸ್ತಿಯಲ್ಲಿ ಒಳಗೋಡೆಗೆ ಕಾಂಕ್ರೀಟ್ ಹೊದಿಸಲು ಹೊರಟಾಗ ಪರಂಪರೆಯ ರಕ್ಷಕರು ತಡೆದದ್ದರಿಂದ, ಒಂದು ತುದಿಯ ಸ್ವಲ್ಪ ಭಾಗವನ್ನು ಮೂಲ ರೂಪದಲ್ಲಿಯೇ ಉಳಿಸಿಕೊಳ್ಳಲಾಯಿತು. ನೀವು ಅಲ್ಲಿಗೆ ಹೋದರೆ ವ್ಯಾಪಿಂಗ್ ನಿಲ್ದಾಣದಲ್ಲಿಳಿದು ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆಯಿರಿ. ಆ ಜೋಡಿ ಕಮಾನುಗಳು ಅಲ್ಲಿಂದಲೇ ಕಾಣುತ್ತವೆ.